ತಲೆಬಾಗಿಲ ಕಂಬಕ್ಕೆ ಜಾಲಿ ಕೂಡಿಸಿದ್ದು

ಪ್ಲೇಗು ಬಂದ ವರ್ಷ ನಮ್ಮ ಊರು ಖಾಲಿಯಾಯಿತು. ಕೊರಟಗೆರೆಗೆ ಒಂದು ಹರಿದಾರಿ ದೂರದ ಹಳ್ಳಿ ನಮ್ಮದು. ಮನೆಗಳಲ್ಲಿ ಇಲಿ ಸತ್ತು ಬೀಳತೊಡಗಿದ್ದೇ ತಡ, ಎಲ್ಲರೂ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಮರಳಿ ಬಂದದ್ದು ಹಿಂಗಾರು ಕಳೆದು, ಸಂಕ್ರಾಂತಿಯೂ ಆದ ಮೇಲೆ. ನಾನು ಮತ್ತು ನನ್ನ ಅತ್ತೆ, ಇಬ್ಬರೇ. ನನ್ನ ಗಂಡ ಗುಡಿಸಲಿನಲ್ಲೇ ಮೂರು ದಿನದ ಜ್ವರದಲ್ಲಿ ತೀರಿಕೊಂಡಿದ್ದರು. ನನಗಾಗ ಇಪ್ಪತ್ತೆರಡು ವರ್ಷ. ಮಕ್ಕಳಿರಲಿಲ್ಲ.

ಬಂದ ದಿನ ತಲೆಬಾಗಿಲು ತೆರೆಯಲಿಲ್ಲ. ತಳ್ಳಿದರೆ ಕದ ಓರೆಯಾಗಿ ಜಗ್ಗಿ ನೆಲಕ್ಕೆ ಕಚ್ಚಿಕೊಂಡಿತು. ಬಗ್ಗಿ ನೋಡಿದೆ. ಕದದ ಭಾರ ಹೊತ್ತಿದ್ದ ಚೌಕಟ್ಟಿನ ಎಡಗಡೆಯ ಕಂಬ ಬುಡದಲ್ಲಿ ಮೊಳದುದ್ದ ಕೊಳೆತಿತ್ತು. ಸೂರಿನ ಹೆಂಚು ಜಾರಿ ಮಳೆನೀರೆಲ್ಲ ಅಲ್ಲಿಗೇ ಸುರಿದಿತ್ತು. ಸಾಲದ್ದಕ್ಕೆ ಗೆದ್ದಲು. ಬೆರಳು ಒತ್ತಿದರೆ ನೆನೆದ ಹಿಂಡಿಯ ಹಾಗೆ ಒಳಕ್ಕೆ ಹೋಯಿತು.

ಅತ್ತೆ ಜಗುಲಿಯ ಮೇಲೆ ಕುಳಿತುಬಿಟ್ಟರು. "ಹಿತ್ಲು ಬಾಕ್ಲಾಗೆ ಓಡಾಡಾನ ಬುಡು. ಇನ್ಯಾರ್ ಬತ್ತಾರೆ ನಮ್ಮನೇಗೆ?"

ಹದಿನೈದು ದಿನ ಕೊಟ್ಟಿಗೆ ದಾಟಿ, ಕಳ್ಳರ ಹಾಗೆ ಓಡಾಡಿದೆವು. ಅತ್ತೆಯ ಮಾತು ದಿನದಿನಕ್ಕೆ ಕಡಿಮೆಯಾಯಿತು. ಒಂದು ಬೆಳಿಗ್ಗೆ ನಡುಮನೆಯ ಮಬ್ಬಿನಲ್ಲಿ ಅವರು ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಕರೆದರೂ ತಿರುಗಲಿಲ್ಲ. ಹೀಗೇ ಬಿಟ್ಟರೆ ಇವರೂ ಉಳಿಯುವುದಿಲ್ಲ ಅನ್ನಿಸಿ ನನಗೆ ಭಯವಾಯಿತು.

ಊರ ಬಡಗಿಯೂ ಪ್ಲೇಗಿನಲ್ಲೇ ಹೋಗಿದ್ದ. ಬೇರೆ ಊರಿನವರು ನಮ್ಮೂರಿಗೆ ಕಾಲಿಡಲು ಹೆದರುತ್ತಿದ್ದರು. ನಾನು ಬಡಗಿಯ ಹೆಂಡತಿಯ ಬಳಿ ಹೋಗಿ ಹತಾರ ಕೇಳಿದೆ.

"ಯಾರಮ್ಮ ಮಾಡೋರು?"

"ನಾನೇ ಮಾಡ್ತೀನಿ ಅಕ್ಕ."

ಆಕೆ ನನ್ನ ಮುಖವನ್ನೇ ನೋಡಿದಳು. ಒಳಗೆ ಹೋಗಿ ಗೋಣಿಯಲ್ಲಿ ಸುತ್ತಿಟ್ಟಿದ್ದ ಗರಗಸ, ಬಾಚಿ, ಉಳಿ ತಂದಳು. ಬಾಚಿಯ ಹಿಡಿಯನ್ನು ಸೆರಗಿನಿಂದ ಒರೆಸಿ, "ಅವ್ರು ಮಾಡೋದ ನೋಡಿವ್ನಿ ಕಣಮ್ಮ, ಕೈಯಾಗೆ ಮುಟ್ಟಿಲ್ಲ. ನಡಿ, ನಾನೂ ಬತ್ತೀನಿ" ಎಂದಳು.

ಮೇಲಿನ ಗೋಡೆ ಕುಸಿಯದಂತೆ ಚೌಕಟ್ಟಿನ ಮೇಲ್ಪಟ್ಟಿಗೆ ಒನಕೆ ಆನಿಸಿ ನಿಲ್ಲಿಸಿದೆವು. ಇಬ್ಬರೂ ಸೇರಿ ಕದ ಎತ್ತಿ ಪಕ್ಕಕ್ಕೆ ಒರಗಿಸಿದೆವು. ಕಂಬದ ಸುತ್ತಲ ಮಣ್ಣು ಕೆತ್ತಿ, ಬಾಚಿಯ ಹಿಂಬದಿಯಿಂದ ಬುಡದಿಂದ ಮೇಲಕ್ಕೆ ತಟ್ಟುತ್ತ ಹೋದೆ. ಕೊಳೆತಲ್ಲೆಲ್ಲ ಮಂಕು ಸದ್ದು. ಗಟ್ಟಿ ಸದ್ದು ಕೇಳಿದ ಕಡೆ ಇದ್ದಲಿನಿಂದ ಗೆರೆ ಎಳೆದು ಕೊಯ್ಯಲು ಹೊರಟೆ. ಆಕೆ ಕೈ ಹಿಡಿದಳು.

"ಅಂಗಲ್ಲ. ನೇರ ಕೊಯ್ದ್ರೆ ಹೊಸ ತುಂಡು ನಿಲ್ಲಾಕಿಲ್ಲ. ಅದ್ರಾಗರ್ಧ ಇದ್ರಾಗರ್ಧ ತೆಗೀಬೇಕು. ಒಂದ್ಕೊಂದು ತಬ್ಕಂಡಂಗೆ ಕೂರ್ಬೇಕು."

ಹೊಸ ತುಂಡಿಗೆಂದು ನಾನು ಬೇವಿನ ಕೊಂಬೆ ಕಡಿದು ತಂದಿದ್ದೆ. ಹಸಿ ಮರ ಬೇಸಿಗೆಯಲ್ಲಿ ಕುಗ್ಗುತ್ತದೆ ಎಂದು ಆಕೆ ತಲೆಯಾಡಿಸಿದಳು. ಒಣಮರಕ್ಕೆ ಎಲ್ಲಿಗೆ ಹೋಗಲಿ? ಅಷ್ಟು ಹೊತ್ತೂ ಜಗುಲಿಯಲ್ಲಿ ಕುಳಿತಿದ್ದ ಅತ್ತೆ ಎದ್ದು ಒಳಗೆ ಹೋದರು. ಅಟ್ಟದಿಂದ ಜಾಲಿಯ ತುಂಡೊಂದನ್ನು ದರದರ ಎಳೆದುಕೊಂಡು ಬಂದರು. ನನ್ನ ಗಂಡ ನೇಗಿಲಿಗೆಂದು ಒಣಗಲು ಇಟ್ಟಿದ್ದ ಮರ ಅದು.

"ಇದ್ನ ಹಾಕು."

"ಅತ್ತೆ, ಇದು ಅವ್ರು..."

"ಗೊತ್ತು ಕಣೆ. ಹೂಡಾಕೆ ಯಾರವ್ರೆ ಈಗ? ಹಾಕು."

ಜಾಲಿ ಸುಲಭಕ್ಕೆ ಬಗ್ಗುವ ಮರವಲ್ಲ. ಎರಡು ದಿನ ಕೆತ್ತಿದೆ. ಅಂಗೈ ಬೊಕ್ಕೆಯೆದ್ದು ಒಡೆದು, ಉಳಿಯ ಹಿಡಿಗೆ ಬಟ್ಟೆ ಸುತ್ತಿಕೊಂಡೆ. ಕೂರಿಸಿ ನೋಡಿ, ಕೂರದೆ ಮತ್ತೆ ತೆಗೆದು ಹೆರೆದು, ನಾಲ್ಕನೆಯ ಸಲಕ್ಕೆ ತುಂಡು ತನ್ನ ಜಾಗದಲ್ಲಿ ನಿಂತಿತು. ಬಿದಿರಿನ ಬೆಣೆ ಹೊಡೆದೆವು. ಗೆದ್ದಲು ಹತ್ತದ ಹಾಗೆ ಹೊಂಗೆಣ್ಣೆ ಕುಡಿಸಿ, ಬುಡ ಮಣ್ಣಿಗೆ ತಾಕದಂತೆ ಚಪ್ಪಡಿಕಲ್ಲು ಕೊಟ್ಟೆವು. ಮೂರನೆಯ ದಿನ ಮಧ್ಯಾಹ್ನ ಕದ ಕೂರಿಸಿದಾಗ ಅದು ಮುಚ್ಚಿತು. ಮೇಲೆ ಬೆರಳು ತೂರುವಷ್ಟು ಸಂದು ಉಳಿಯಿತು, ನಿಜ. ಆದರೂ ಮುಚ್ಚಿತು.

ಇನ್ನು ಹೊಸ್ತಿಲಿಗೆ ಅರಿಶಿನ ಕುಂಕುಮ ಇಡಬೇಕು. ಅದು ಮುತ್ತೈದೆಯರ ಕೆಲಸ. ನಾವು ಮೂವರೂ ಗಂಡನನ್ನು ಕಳೆದುಕೊಂಡವರು.

"ಪಕ್ಕದ್ಮನೆ ಅಕ್ಕನ್ನ ಕರೀಲಾ ಅತ್ತೆ?" ಎಂದೆ.

"ಯಾರ್ನೂ ಕರೀಬ್ಯಾಡ. ಕೂರ್ಸಿದೋಳು ನೀನು. ನೀನೇ ಇಡು."

ಅವರೇ ಬಟ್ಟಲು ತಂದು ನನ್ನ ಕೈಗೆ ಕೊಟ್ಟರು. ಹೊಸ್ತಿಲಿಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟೆ. ಅತ್ತೆ ಹೊಸ್ತಿಲು ದಾಟಿ ಹೊರಗೆ ಹೋದರು. ಜಗುಲಿಯಲ್ಲಿ ಕುಳಿತು, ಸಿದ್ದರಬೆಟ್ಟದ ಕಡೆ ಮುಖ ಮಾಡಿ, ಮಗನನ್ನು ಕೂಗಿ ಕೂಗಿ ಅತ್ತರು. ಮಗ ಹೋದ ದಿನ ಅವರ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ನಾನು ತಡೆಯಲಿಲ್ಲ. ಬಡಗಿಯ ಹೆಂಡತಿ ಪಕ್ಕದಲ್ಲಿ ಕುಳಿತು ಬೆನ್ನು ಸವರುತ್ತಿದ್ದಳು. ಸಂಜೆ ಅತ್ತೆ ತಾವಾಗಿಯೇ ಅನ್ನ ಕೇಳಿದರು.

ಆ ಬೇಸಿಗೆಯಲ್ಲಿ ನಾನೂ ಬಡಗಿಯ ಹೆಂಡತಿಯೂ ಊರೊಳಗೆ ಇನ್ನೂ ನಾಲ್ಕು ಬಾಗಿಲು ಕೂಡಿಸಿದೆವು. ಎಲ್ಲವೂ ಗಂಡಸರು ಉಳಿಯದ ಮನೆಗಳು.