ನೀರು ಬೆರೆಸಿದ ನರಸಿಂಹಯ್ಯ

ಕುಂದಾಣದ ಪಕ್ಕದ ಊರೊಂದರ ಹಾಲಿನ ಡೈರಿಗೆ ನರಸಿಂಹಯ್ಯ ಇಪ್ಪತ್ತಾರು ವರ್ಷದಿಂದ ಸೆಕ್ರೆಟರಿ. ಹಾಲಿಗೆ ನೀರು ಬೆರೆಸಿದವರನ್ನು ಒಂದು ದಿನವೂ ಬಿಟ್ಟವನಲ್ಲ. ಲ್ಯಾಕ್ಟೋಮೀಟರ್ ಮುಳುಗಿಸಿ ಡಿಗ್ರಿ ಕಮ್ಮಿ ಬಂದರೆ ಸ್ವಂತ ಅತ್ತಿಗೆಯ ಹಾಲನ್ನೂ ವಾಪಸ್ ಕಳಿಸುತ್ತಿದ್ದ. ಒಮ್ಮೆ ಬೈರಮ್ಮನ ಬಕೆಟ್ಟನ್ನು ಸಾಲಲ್ಲಿ ನಿಂತವರೆಲ್ಲರ ಮುಂದೆ ಎತ್ತಿ ಹಿಡಿದು, "ಇದನ್ನ ಬಾವಿಗೆ ಹುಯ್ಯಮ್ಮ, ಬಾವಿನಾದ್ರೂ ತುಂಬ್ಲಿ" ಅಂದಿದ್ದ. ಬೈರಮ್ಮ ಅದನ್ನು ಮರೆತಿರಲಿಲ್ಲ.

ವಿಮಾನ ನಿಲ್ದಾಣ ಬಂತು. ಗೋಮಾಳಕ್ಕೆ ತಂತಿ ಬೇಲಿ ಬಿತ್ತು, ಹೊಲಗಳಲ್ಲಿ ಸೈಟಿನ ಕಲ್ಲು ಎದ್ದವು. ತಾಲ್ಲೂಕು ಕಚೇರಿ ಮುಂದೆ ಕೂತು ಧಿಕ್ಕಾರ ಕೂಗಿದವರಲ್ಲಿ ಅರ್ಧ ಜನ ಹಸು ಮಾರಿ ಅದೇ ನಿಲ್ದಾಣದ ಕೆಲಸಕ್ಕೆ ಸೇರಿದರು. ತಪ್ಪೇನಿಲ್ಲ, ಧಿಕ್ಕಾರ ಹೊಟ್ಟೆ ತುಂಬಿಸುವುದಿಲ್ಲ. ಡೈರಿಗೆ ಹಾಲು ಹಾಕುತ್ತಿದ್ದ ನೂರಿಪ್ಪತ್ತು ಮನೆಗಳಲ್ಲಿ ಉಳಿದದ್ದು ಇಪ್ಪತ್ತೆರಡು. ಇಷ್ಟು ಹಾಲಿಗೆ ಗಾಡಿ ಕಳಿಸುವುದಿಲ್ಲ, ಆವತಿಯಲ್ಲಿ ಹಾಲು ತಣ್ಣಗಿಡುವ ಕೂಲರಿಗೆ ನೀವೇ ತಂದು ಹಾಕಿ ಎಂದು ಮೇಲಿನವರು ಹೇಳಿಬಿಟ್ಟರು. ನರಸಿಂಹಯ್ಯ ತನ್ನ ತೊಂಬತ್ತೊಂದನೇ ಇಸವಿಯ ಅಂಬಾಸಿಡರ್ ಕಾರಿನ ಹಿಂದಿನ ಸೀಟು ಕಿತ್ತು ಹಾಕಿ ಮೂರು ಕ್ಯಾನು ಕೂರಿಸಿದ.

ಎರಡನೇ ತಿಂಗಳಿಗೇ ಆವತಿ ದಾರಿಯ ಏರಿನಲ್ಲಿ ಕಾರಿನ ರೇಡಿಯೇಟರ್ ಕುದಿದು ಗಾಡಿ ನಿಂತಿತು. ಅದು ತಣ್ಣಗಾಗುವ ಹೊತ್ತಿಗೆ ಹಾಲು ಒಡೆದಿತ್ತು. ಕೂಲರಿನ ಸೂಪರ್‌ವೈಸರ್ ಮುನಿಕೃಷ್ಣ ಮೂಸಿ ನೋಡಿ, "ಇಂಗೇ ಆದ್ರೆ ಡೈರಿ ಮುಚ್ಚಿ ನಿಮ್ಮೂರನ್ನ ಪಕ್ಕದೂರಿನ ಡೈರಿಗೆ ಸೇರಿಸ್ಬೇಕಾಗುತ್ತೆ, ನೋಡ್ಕೊಳಿ" ಅಂದ. ಪಕ್ಕದೂರು ನಾಲ್ಕು ಕಿಲೋಮೀಟರ್. ಬಕೆಟ್ಟು ಹಿಡಿದು ಎರಡು ಹೊತ್ತೂ ಅಷ್ಟು ದೂರ ಯಾರೂ ನಡೆಯುವುದಿಲ್ಲ, ಉಳಿದ ಹಸುವನ್ನೂ ಮಾರುತ್ತಾರೆ. ಅದು ನರಸಿಂಹಯ್ಯನಿಗೆ ಗೊತ್ತಿತ್ತು.

ಅವನು ದೇವನಹಳ್ಳಿಗೆ ಹೋಗಿ ಇಂಜಿನ್ ಕಾಯದಂತೆ ರೇಡಿಯೇಟರಿಗೆ ಹಾಕುವ ಹಸಿರು ಕೂಲಂಟಿನ ಡಬ್ಬಗಳನ್ನು ತಂದ. ಒಂದು ಪಾಲಿಗೆ ಎರಡು ಪಾಲು ನೀರು ಬೆರೆಸಿ ಎಂದು ಅದರ ಮೇಲೆಯೇ ಬರೆದಿತ್ತು. ಓದಿದ. ಜಿಪುಣರಿಗೆ ಬರೆದದ್ದು ಅಂದುಕೊಂಡ. ರೇಡಿಯೇಟರಿನ ನೀರು ಬಸಿದು, ಒಂದು ಹನಿ ನೀರೂ ಸೋಕಿಸದೆ ಗಟ್ಟಿ ಕೂಲಂಟನ್ನೇ ತುಂಬಿದ.

ನಾಲ್ಕನೇ ದಿನ ಅದೇ ಏರಿನಲ್ಲಿ ಕಾರು ಮೊದಲಿಗಿಂತ ಜೋರಾಗಿ ಬಿಸಿಯಾಯಿತು. ಮೂರು ಕ್ಯಾನು ಹಾಲು ಮತ್ತೆ ಮೋರಿಗೆ ಹೋಯಿತು. ಮುನಿಕೃಷ್ಣ, "ಇನ್ನೊಂದೇ ಸಲ, ಆಮೇಲೆ ನನ್ನ ಕೈಲಿಲ್ಲ" ಅಂದ.

ಅಂದು ಮಧ್ಯಾಹ್ನ ಲಾರಿ ಮೆಕ್ಯಾನಿಕ್ ಆವಲಪ್ಪ ಡೈರಿ ಅಂಗಳಕ್ಕೇ ಬಂದು ರೇಡಿಯೇಟರ್ ಬಿಚ್ಚಿದ. ಕಡ್ಡಿ ಆಡಿಸಿದರೆ ಬಿಳಿ ಚಕ್ಕೆ ಉದುರಿತು.

"ಇದೇನ್ ಗೊತ್ತಾ ನರಸಿಂಹಣ್ಣ? ನಿಮ್ಮನೆ ಸ್ನಾನದ ಹಂಡೇಲಿ ಕಟ್ಟಿರುತ್ತಲ್ಲ, ಅದೇ. ಇಪ್ಪತ್ತು ವರ್ಷ ಬೋರ್ ನೀರು ಕುಡಿಸಿದ್ದೀಯ."

"ಅದಕ್ಕೇ ಬರೀ ಕೂಲಂಟ್ ಹಾಕ್ದೆ."

"ನೀರೇ ಬೆರೆಸ್ದಂಗಾ?"

"ನೀರು ಬೆರೆಸೋದು ನನ್ ಜಾಯಮಾನದಲ್ಲಿಲ್ಲ ಕಣೋ."

ಆವಲಪ್ಪ ಕಡ್ಡಿ ಕೆಳಗಿಟ್ಟ. "ಅಣ್ಣ, ಬಿಸಿ ಹೊತ್ಕೊಂಡು ಹೋಗೋದು ನೀರು. ಈ ಹಸಿರುದು ತುಕ್ಕು ಹಿಡೀದಂಗೆ, ಬೇಗ ಕುದೀದಂಗೆ ನೋಡ್ಕೊಳುತ್ತೆ. ಬರೀ ಇದನ್ನೇ ಹುಯ್ದ್ರೆ ಎಣ್ಣೆ ಹಂಗೆ ಮಂದ, ಬಿಸಿ ಎಳೆಯಲ್ಲ. ನೀನು ತಂದಿರೋ ಮಾಲು ಹಳೇ ಇಂಜಿನ್‌ಗೆ ಸರಿಯಾಗೇ ಇದೆ. ಬೆರೆಸಿಲ್ಲ, ಅಷ್ಟೇ. ಹೋಗಿ ಬ್ಯಾಟರಿ ನೀರು ತಗೊಂಬಾ, ಅದು ಚಕ್ಕೆ ಕಟ್ಟಲ್ಲ. ಬೋರ್ ನೀರು ಮುಟ್ಟಿಸ್ಬೇಡ."

ನರಸಿಂಹಯ್ಯ ಬ್ಯಾಟರಿ ನೀರಿನ ಕ್ಯಾನು ತಂದ. ಆವಲಪ್ಪ ಚಕ್ಕೆಯೆಲ್ಲ ತೊಳೆದು ರೇಡಿಯೇಟರ್ ಕೂರಿಸುವ ಹೊತ್ತಿಗೆ ಸಂಜೆ ಹಾಲಿನ ಜನ ಸೇರಿದ್ದರು. ಮುಂದೆಯೇ ಬೈರಮ್ಮ. ನರಸಿಂಹಯ್ಯ ಡೈರಿಯ ಲೀಟರ್ ಅಳತೆಯನ್ನೇ ತಂದು ಕೊಡದಲ್ಲಿ ಒಂದು ಲೀಟರ್ ಕೂಲಂಟ್ ಹುಯ್ದ. ಆಮೇಲೆ ನೀರಿನ ಕ್ಯಾನು ಎತ್ತಿದ. ಕೈ ಒಂದು ಗಳಿಗೆ ನಿಂತಿತು. ಒಂದು ಲೀಟರ್ ನೀರು, ಮತ್ತೊಂದು ಲೀಟರ್ ನೀರು.

"ಸೆಕ್ರೆಟ್ರಪ್ಪ, ಡಿಗ್ರಿ ನೋಡಲ್ವಾ?" ಬೈರಮ್ಮ ಕೇಳಿದಳು.

"ಇದು ಹಾಲಲ್ಲ ಕಣಮ್ಮ."

"ಅಯ್ಯೋ, ಹಾಲಾಗಿದ್ರೆ ಬಾವಿಗೆ ಹುಯ್ಯಿ ಅಂತಿದ್ರಿ ಬಿಡಿ."

ಇಡೀ ಸಾಲು ನಕ್ಕಿತು. ನರಸಿಂಹಯ್ಯ ತಲೆ ಎತ್ತದೆ ಇನ್ನೂ ಎರಡು ಸಲ ಅದೇ ಲೆಕ್ಕದಲ್ಲಿ ಅಳೆದು ರೇಡಿಯೇಟರಿಗೆ ತುಂಬಿದ.

ಮಾರನೆ ದಿನ ಬೆಳಗ್ಗೆ ಅವನ ಕಣ್ಣು ರಸ್ತೆಗಿಂತ ಹೆಚ್ಚು ಬಿಸಿ ತೋರಿಸುವ ಮುಳ್ಳಿನ ಮೇಲಿತ್ತು. ಏರಿನಲ್ಲಿ ಮುಳ್ಳು ಅರ್ಧಕ್ಕೆ ಬಂದು ಅಲ್ಲೇ ನಿಂತಿತು. ಆವತಿಯಲ್ಲಿ ಮುನಿಕೃಷ್ಣ ಮೂರೂ ಕ್ಯಾನಿನ ಮುಚ್ಚಳ ತೆಗೆದು ಮೂಸಿದ, ಕೂಲರಿಗೆ ಸುರಿಸಿಕೊಂಡ. ತಿಂಗಳು ಕಳೆದರೂ ಡೈರಿ ಮುಚ್ಚುವ ಮಾತು ಮತ್ತೆ ಬರಲಿಲ್ಲ.

ಆ ತಿಂಗಳ ಕೊನೆಗೆ ಒಂದು ದಿನ ಬೈರಮ್ಮನ ಹಾಲು ಎರಡು ಡಿಗ್ರಿ ಕಮ್ಮಿ ಬಂತು.

"ವಾಪಸ್ ತಗೊಂಡೋಗಮ್ಮ."

"ನಿಮ್ ಕಾರಿಗಾದ್ರೆ ಎರಡು ಪಾಲು ನೀರು, ನನಗೆ ಅರ್ಧ ಲೋಟಾನೂ ಇಲ್ವಾ?"

ನರಸಿಂಹಯ್ಯ ಲ್ಯಾಕ್ಟೋಮೀಟರ್ ಒರೆಸಿಕೊಳ್ಳುತ್ತಾ ಬಕೆಟ್ಟನ್ನು ಅವಳ ಕೈಗೆ ಕೊಟ್ಟ. ಬಾವಿಯ ಮಾತು ಮಾತ್ರ ಎತ್ತಲಿಲ್ಲ.