ನಲವತ್ತೆರಡನೇ ಸಾಲು

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂಬ ಅನುಮಾನದಲ್ಲಿ ಬಸ್ಸಿನಿಂದ ಅರ್ಧ ದಾರಿಯಲ್ಲೇ ಇಳಿದು, ಅಲೆವೂರಿನ ಮನೆಗೆ ನಡೆದುಕೊಂಡು ವಾಪಸು ಹೋದವಳು ನಾನು. ಹೋಗಿ ನೋಡಿದರೆ ಅವತ್ತು ಒಲೆಯನ್ನೇ ಹಚ್ಚಿರಲಿಲ್ಲ. ಇಂಥವಳ ಕೈಗೆ ಯುರೋಪಿನವರೆಗೆ ಪತ್ರ ಮುಟ್ಟಿಸುವ ಕಂಪ್ಯೂಟರ್ ಸಿಕ್ಕಿದ್ದೇ ತಪ್ಪು.

ಎರಡು ಸಾವಿರದ ಇಸವಿ ಕಳೆದು ಹೆಚ್ಚು ವರ್ಷ ಆಗಿರಲಿಲ್ಲ. ಮಣಿಪಾಲದ ಒಂದು ಸೈಬರ್ ಸೆಂಟರಿನಲ್ಲಿ ನನಗೆ ಕೆಲಸ. ಎಂಟು ಕಂಪ್ಯೂಟರು, ನಡುನಡುವೆ ಪ್ಲೈವುಡ್ಡಿನ ಅಡ್ಡಗೋಡೆ, ಪ್ರತಿಯೊಂದಕ್ಕೂ ಒಂದು ಹಸಿರು ಬಟ್ಟೆಯ ಪರದೆ. ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ ಟೈಪ್ ಮಾಡುವುದು, ದುಬೈಯಲ್ಲಿರುವ ಗಂಡಂದಿರಿಗೆ ಹೆಂಡತಿಯರು ಹೇಳಿದ್ದನ್ನು ಈಮೇಲ್ ಬರೆದುಕೊಡುವುದು, ಕರೆಂಟು ಹೋದಾಗ ಎಲ್ಲರಿಂದ ಬೈಸಿಕೊಳ್ಳುವುದು, ಇಷ್ಟೇ ದಿನಚರಿ. ಕರೆಂಟು ದಿನಕ್ಕೆ ಎರಡು ಸಲವಾದರೂ ಹೋಗುತ್ತಿತ್ತು.

ನನ್ನ ದೊಡ್ಡಮ್ಮನ ಮನೆ ಕಾಪುವಿನಿಂದ ಸ್ವಲ್ಪ ಒಳಗೆ. ಅಂಗಳದಾಚೆ ಮಲ್ಲಿಗೆ ಗಿಡಗಳು. ಬೆಳಗ್ಗೆ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಚೆಂಡು ಕಟ್ಟಿ, ಹತ್ತು ಗಂಟೆಯೊಳಗೆ ಹೂ ಕೊಳ್ಳುವವರ ಕಟ್ಟೆಗೆ ಮುಟ್ಟಿಸಬೇಕು. ಆ ಊರಿನ ದಕ್ಷಿಣಕ್ಕೆ ಕಲ್ಲಿದ್ದಲಿನಿಂದ ವಿದ್ಯುತ್ ಮಾಡುವ ಸ್ಥಾವರವೊಂದು ಬರುತ್ತದೆ ಎಂದು ಸುದ್ದಿಯಾಗಿ, ಜಾಗ ಸಮತಟ್ಟು ಮಾಡುವ ಕೆಲಸವೂ ಶುರುವಾಗಿತ್ತು. ಹಾರುಬೂದಿ ಗಿಡದ ಮೇಲೆ ಕೂತರೆ ಮೊಗ್ಗು ಕಪ್ಪಾಗುತ್ತದೆ ಎಂಬುದು ದೊಡ್ಡಮ್ಮನ ಚಿಂತೆ. ಆ ಚಿಂತೆಯನ್ನು ಹೇಳುತ್ತಲೇ, ಪಂಪು ತಿರುಗಿಸಲು ಕರೆಂಟಿಲ್ಲವೆಂದು ವಿದ್ಯುತ್ ಕಚೇರಿಯವರ ಜನ್ಮ ಜಾಲಾಡುತ್ತಿದ್ದಳು. ಕರೆಂಟು ಬೇಕು, ಸ್ಥಾವರ ಬೇಡ, ಇದೆಂತ ನ್ಯಾಯ ಎಂದು ನಾನು ಕಿಚಾಯಿಸಿದರೆ, ನಿನಗೆ ಮಲ್ಲಿಗೆ ಮುಡಿಯಲಿಕ್ಕೆ ಮಾತ್ರ ಗೊತ್ತು ಎಂದು ನನ್ನ ಬಾಯಿ ಮುಚ್ಚಿಸಿದ್ದಳು.

ಊರಿನ ನಿವೃತ್ತ ಮಾಸ್ಟ್ರೊಬ್ಬರು ಜನರನ್ನು ಸೇರಿಸಿ ಸಹಿ ಸಂಗ್ರಹ ಮಾಡಿದರು. ಸ್ಥಾವರದ ಯಂತ್ರಗಳಿಗೆ ಸಾಲ ಯುರೋಪಿನ ಒಂದು ದೇಶದಿಂದ ಬರಬಹುದೆಂದು ಅವರಿಗೆ ಎಲ್ಲಿಂದಲೋ ತಿಳಿದಿತ್ತು. ಆ ದೇಶದಲ್ಲೇ ಅಂಥ ಸಾಲವನ್ನು ವಿರೋಧಿಸುವ ಒಂದು ಹಸಿರು ಗುಂಪು ಉಂಟಂತೆ, ಅವರಿಗೆ ಬರೆಯಬೇಕು ಎಂದು ನನ್ನ ಹತ್ತಿರ ಬಂದರು. ಬರೆದೆವು. ನಾಲ್ಕೇ ದಿನದಲ್ಲಿ ಉತ್ತರ ಬಂತು. ಜತೆಗೆ ಅವರ ಧೋರಣೆಗಳ ಮೂವತ್ತು ಪುಟದ ಪುಸ್ತಿಕೆ. ಬಿಸಿಲು ಗಾಳಿಯಿಂದ ವಿದ್ಯುತ್ತು, ಭೂಮಿ ಬಿಸಿಯಾಗದ ಹಾಗೆ ನೋಡಿಕೊಳ್ಳುವುದು, ಗಂಡಿಗೂ ಹೆಣ್ಣಿಗೂ ಸ್ಥಳೀಯನಿಗೂ ವಲಸಿಗನಿಗೂ ಒಂದೇ ಹಕ್ಕು, ಕೊನೆಗೆ ಕಂಪ್ಯೂಟರಿಗೆ ಸಂಬಂಧಿಸಿದ ಯಾವುದೋ ಅಧ್ಯಾಯ. ಇದನ್ನು ಕನ್ನಡಕ್ಕೆ ಮಾಡಿಕೊಡು, ಮೀಟಿಂಗಿನಲ್ಲಿ ಓದುವ ಎಂದರು ಮಾಸ್ಟ್ರು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನಾನು ಅದನ್ನು ದಿನಕ್ಕೊಂದು ಪುಟದಂತೆ ಅನುವಾದಿಸತೊಡಗಿದೆ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೆ ನನ್ನ ಮೇಲೆಯೇ ಬಹಳ ಗೌರವ ಹುಟ್ಟಿತ್ತು.

ಸಹಿಗಳ ಪಟ್ಟಿಯನ್ನೂ ಕಳಿಸಬೇಕಿತ್ತು. ಕನ್ನಡದಲ್ಲಿ ಕಳಿಸಿದರೆ ಅಲ್ಲಿ ಬರೀ ಚೌಕಗಳು ಕಾಣುತ್ತಿದ್ದವು. ಹಾಗಾಗಿ ಹೆಸರು, ಊರು, ಕಸುಬು ಎಲ್ಲವನ್ನೂ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ನಲವತ್ತೊಂದನೆಯದು ದೊಡ್ಡಮ್ಮನದು. ನಲವತ್ತೆರಡನೆಯದು ದೊಡ್ಡಮ್ಮನ ತೋಟದಲ್ಲಿ ಮೊಗ್ಗು ಬಿಡಿಸಲು ಬರುತ್ತಿದ್ದ ಹೆಂಗಸಿನದು. ಅವಳು ಬಾಗಲಕೋಟೆ ಕಡೆಯವಳು. ನಮ್ಮವರಿಗೆ ಘಟ್ಟದಾಚೆಯಿಂದ ಕೂಲಿಗೆ ಬಂದವರೆಲ್ಲ ಬಿಜಾಪುರದವರೇ. ನನಗಿಂತ ಏಳೆಂಟು ವರ್ಷ ದೊಡ್ಡವಳು. ಆದರೂ ಅವಳು ನನ್ನನ್ನು ಅಕ್ಕಾರ ಎನ್ನುತ್ತಿದ್ದಳು, ನಾನು ಅವಳಿಗೆ ನೀನು ಎನ್ನುತ್ತಿದ್ದೆ. ಅದು ತಪ್ಪೆಂದು ಆಗ ಹೊಳೆದೂ ಇರಲಿಲ್ಲ. ಅವಳ ಗಂಡ ಸ್ಥಾವರದ ಜಾಗದಲ್ಲೇ ಮಣ್ಣು ಹೊರುವ ಕೆಲಸದಲ್ಲಿದ್ದ. ಇಬ್ಬರೂ ಇದ್ದದ್ದು ಅಲ್ಲಿಯ ಗುತ್ತಿಗೆದಾರ ಹಾಕಿಕೊಟ್ಟ ತಗಡಿನ ಶೆಡ್ಡಿನಲ್ಲಿ.

ಇಲ್ಲಿ ನಾನೊಂದು ಜಾಣತನ ಮಾಡಿದೆ. ಅವಳ ಹೆಸರಿನ ಮುಂದೆ ಕೂಲಿ ಎಂದಷ್ಟೇ ಬರೆಯುವ ಬದಲು, ‘ಗಂಡ ಇದೇ ಸ್ಥಾವರದ ಜಾಗದಲ್ಲಿ ಕೆಲಸಗಾರ’ ಎಂದು ಸೇರಿಸಿದೆ. ಅಲ್ಲಿ ದುಡಿಯುವವರ ಮನೆಯವರೇ ವಿರೋಧಿಸುತ್ತಿದ್ದಾರೆ ಎಂದರೆ ಯುರೋಪಿನವರಿಗೆ ನಾಟುತ್ತದೆ ಎಂದು ನನ್ನ ಲೆಕ್ಕಾಚಾರ. ಯಾರೂ ಹೇಳಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ವಾರದಲ್ಲಿ ಪಟ್ಟಿ ಅವರ ವೆಬ್‌ಸೈಟಿನಲ್ಲಿ ಬಂತು. ನಾನು ಅದನ್ನು ದೊಡ್ಡಮ್ಮನಿಗೆ ಹೇಳಿದೆ, ದೊಡ್ಡಮ್ಮ ಇಡೀ ಊರಿಗೆ ಹೇಳಿದಳು.

ಅನುವಾದ ಕೊನೆಯ ಅಧ್ಯಾಯಕ್ಕೆ ಬಂದದ್ದು ಆಮೇಲೆ. ಅದರಲ್ಲಿತ್ತು: ಒಬ್ಬರ ಬಗೆಗಿನ ಮಾಹಿತಿ ಅವರ ಸ್ವತ್ತು, ಅವರನ್ನು ಕೇಳದೆ ಅದನ್ನು ಇನ್ನೊಬ್ಬರಿಗೆ ಕೊಡಬಾರದು, ಇಟ್ಟುಕೊಳ್ಳಲೂ ಬಾರದು. ಮಾಸ್ಟ್ರು ಇದನ್ನು ಕೇಳಿ ನಕ್ಕರು. ನಮ್ಮಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರು ಎಂಬುದು ಬಸ್ಸಿನ ಕಂಡಕ್ಟರನಿಗೂ ಗೊತ್ತಿರುತ್ತದೆ, ಈ ಅಧ್ಯಾಯ ಬಿಡು ಎಂದರು. ನನಗೆ ನಗು ಬರಲಿಲ್ಲ. ನಲವತ್ತೆರಡನೇ ಸಾಲು ನೆನಪಾಗಿ ಪಟ್ಟಿಯನ್ನು ಮತ್ತೆ ತೆರೆದು ನೋಡಿದೆ.

ನನ್ನ ಹೆದರಿಕೆಗೆ ಕಾರಣವೂ ಇತ್ತು. ಸ್ಥಾವರದ ಗುತ್ತಿಗೆದಾರನ ಸೂಪರ್‌ವೈಸರ್ ನಮ್ಮ ಸೆಂಟರಿನ ಕಾಯಂ ಗಿರಾಕಿ. ದಿನ ಬಿಟ್ಟು ದಿನ ಬೈಕಿನಲ್ಲಿ ಬಂದು ಮೂರನೇ ಕ್ಯಾಬಿನಿನಲ್ಲಿ ಕೂರುತ್ತಿದ್ದ. ಅಲ್ಲಿಯತನಕ ಅವನು ನನಗೆ ಬರೀ ಒಂದು ಹೆಲ್ಮೆಟ್ಟು. ಈಗ ಅವನು ಪರದೆ ಎಳೆದ ಕೂಡಲೇ ನಾನು ಟೈಪಿಂಗ್ ನಿಲ್ಲಿಸಿ ಅವನ ಕೀಬೋರ್ಡಿನ ಸದ್ದಿಗೆ ಕಿವಿಗೊಡುತ್ತಿದ್ದೆ. ಸ್ಥಾವರದ ಹೆಸರು ಟೈಪ್ ಮಾಡಿ ಹುಡುಕಿದರೆ ಸಾಕು, ಪಟ್ಟಿ ಎದುರಿಗೇ ಬರುತ್ತದೆ. ನಾನೇ ಹುಡುಕಿ ನೋಡಿದ್ದೆ, ಒಂದಲ್ಲ ಹತ್ತು ಸಲ. ಒಂದು ದಿನ ಅವನು ತಲೆ ಹೊರಗೆ ಹಾಕಿ, ಇದನ್ನೊಂದು ಪ್ರಿಂಟ್ ತೆಗೀರಿ ಎಂದಾಗ ನಾನು ಎದ್ದು ಹೋಗಿ ಪ್ರಿಂಟರಿಗೆ ಅಡ್ಡವಾಗಿ ನಿಂತೆ. ಪ್ರಿಂಟರಿನಿಂದ ಕಾಗದ ಇಷ್ಟಿಷ್ಟೇ ಹೊರಬಂತು. ಅವನ ತಮ್ಮನ ಪರೀಕ್ಷೆಯ ಫಲಿತಾಂಶ.

ಗಂಡನ ಕೆಲಸ ಹೋದರೆ ಶೆಡ್ಡೂ ಹೋಗುತ್ತದೆ. ಶೆಡ್ಡು ಹೋದರೆ ಆ ಜೂನ್ ತಿಂಗಳ ಮಳೆಯಲ್ಲಿ ಅವಳು ಎಲ್ಲಿ ಮಲಗಬೇಕು? ಅನ್ನದ ಮುಂದೆ ಕೂತರೂ ಇದೇ ಯೋಚನೆ. ಅಮ್ಮ ನನಗೆ ಯಾರದೋ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಆ ಮೊಗ್ಗು ಬಿಡಿಸುವವಳ ಹತ್ತಿರ ಹೋಗಿ ವಿಷಯ ಹೇಳಬೇಕೆಂದು ನನಗೆ ಅನಿಸಲೇ ಇಲ್ಲ ಎಂದರೆ ನಂಬಬೇಕು. ಕಾಪುವಿನ ಬಸ್ಸು ಹತ್ತಿದ್ದರೆ ಒಂದು ಗಂಟೆಯ ದಾರಿ. ಅದನ್ನು ಬಿಟ್ಟು ನಾನು ಯುರೋಪಿಗೆ ಬರೆದೆ: ನಲವತ್ತೆರಡನೇ ಹೆಸರನ್ನು ದಯವಿಟ್ಟು ತಕ್ಷಣ ತೆಗೆಯಿರಿ, ಅವರಿಗೆ ತೊಂದರೆಯಾಗಬಹುದು.

ಉತ್ತರ ಬರಲಿಲ್ಲ. ಮರುದಿನ ಮತ್ತೆ ಬರೆದೆ. ಅದರ ಮರುದಿನ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಸಂಜೆವರೆಗೆ ಕರೆಂಟೇ ಇಲ್ಲ. ಕತ್ತಲು ಕವಿದ ಎಂಟು ಕಂಪ್ಯೂಟರುಗಳ ಮುಂದೆ ಒಬ್ಬಳೇ ಕೂತು, ಸ್ಥಾವರ ಬಂದರೆ ಬರಲಿ ಮಾರಾಯ್ರೆ, ಈಗ ಹತ್ತು ನಿಮಿಷ ಕರೆಂಟು ಕೊಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡದ್ದು ನೆನಪಿದೆ. ಆರನೇ ದಿನ ಉತ್ತರ ಬಂತು. ತೆಗೆದಿದ್ದಾರೆ, ಕ್ಷಮೆ ಕೇಳಿದ್ದಾರೆ. ಅವತ್ತು ನಾನು ಎರಡು ಬನ್ಸ್ ತಿಂದೆ. ಮೂರನೇ ಕ್ಯಾಬಿನಿನವನಿಗೆ ನಮಸ್ಕಾರವನ್ನೂ ಹೇಳಿದೆ.

ಅದಾದ ಮೊದಲ ಭಾನುವಾರ ಹನ್ನೊಂದು ಗಂಟೆಗೆ ಅವಳು ಸೆಂಟರಿನ ಬಾಗಿಲಲ್ಲಿ ನಿಂತಿದ್ದಳು. ಇಳಕಲ್ ಸೀರೆ, ತಲೆಯ ತುಂಬ ದೊಡ್ಡಮ್ಮನ ತೋಟದ ಮಲ್ಲಿಗೆ. ಚಪ್ಪಲಿ ಹೊರಗೆ ಬಿಟ್ಟು ಬಂದಳು. ಸೆಂಟರಿಗೆ ಬರುವವರು ಯಾರೂ ಹಾಗೆ ಬಿಡುತ್ತಿರಲಿಲ್ಲ. ತನ್ನ ಹೆಸರು ಹೊರದೇಶದ ತನಕ ಹೋಗಿದೆ ಎಂದು ತೋಟದ ಅಮ್ಮಾರು ಹೇಳಿದರು, ನೋಡಿಕೊಂಡು ಹೋಗಲು ಬಂದೆ ಎಂದಳು.

ನನ್ನ ತಲೆಗೆ ಹೊಳೆದ ಮೊದಲ ಯೋಚನೆ ಏನೆಂದು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ಇವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಯಾವುದೋ ಒಂದು ಸಾಲು ತೋರಿಸಿ ಕಳಿಸಿದರಾಯಿತು. ಪಟ್ಟಿ ತೆರೆದೆ. ದೊಡ್ಡಮ್ಮನ ಹೆಸರಿನ ಮೇಲೆ ಬೆರಳಿಟ್ಟೆ. ಇದೇ ನಿನ್ನದು ಎಂದೆ.

ಅವಳು ಕಂಪ್ಯೂಟರಿನ ಹತ್ತಿರ ಬಗ್ಗಿದಳು. ಅಂಕಿ ಅವಳಿಗೆ ಚೆನ್ನಾಗಿ ಬರುತ್ತಿತ್ತು, ಬಸ್ಸಿನ ನಂಬರು ಓದಿ ಓದಿ. “ಇದು ನಲವತ್ತೊಂದರೀ ಅಕ್ಕಾರ. ಇದು ಅಮ್ಮಾರದು. ಇದರ ಕೆಳಗ ನಾ ಸಹಿ ಮಾಡೇನಿ” ಎಂದಳು.

ಅದರ ಕೆಳಗೆ ನಲವತ್ತೆರಡು ಎಂಬ ಅಂಕಿ ಇತ್ತು, ಮುಂದೆ ಏನೂ ಇರಲಿಲ್ಲ. ಹೆಸರು ತೆಗೆದವರು ಅಂಕಿಯನ್ನು ಹಾಗೇ ಬಿಟ್ಟಿದ್ದರು.

ಎಲ್ಲ ಹೇಳಿದೆ. ಗಂಡನ ಕೆಲಸದ ವಿಷಯ ನಾನೇ ಸೇರಿಸಿದ್ದು, ಸೂಪರ್‌ವೈಸರ್ ಇಲ್ಲೇ ಬಂದು ಕೂರುವುದು, ನಾನು ಹೆದರಿ ಬರೆದದ್ದು. ನಿನ್ನ ಒಳ್ಳೆಯದಕ್ಕೇ ಮಾಡಿದೆ ಎಂದೂ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಸ್ಟೂಲಿನ ಮೇಲೆ ಕೂತು ಆ ಖಾಲಿ ಸಾಲಿನ ಮೇಲೆ ಬೆರಳಿಟ್ಟಳು.

“ಕೆಲಸ ಹೋಗಬಹುದು ಅಂತ ನಮಗ ಗೊತ್ತಿರಲಿಲ್ಲೇನ್ರಿ? ಗಂಡ ಹೆಂಡ್ತಿ ಎರಡು ದಿನ ಮಾತಾಡ್ಕೊಂಡು ಸಹಿ ಮಾಡೇವಿ. ನಮ್ಮೂರು ಡ್ಯಾಮಿನ ಹಿನ್ನೀರಾಗ ಮುಳುಗೂ ಮುಂದ ಪರಿಹಾರಕ್ಕ ಹೆಸರು ಬರಕೊಳ್ಳಾಕ ಬಂದಿದ್ರು. ಮಾವಂದು ಬರಕೊಂಡ್ರು, ಗಂಡಂದು ಬರಕೊಂಡ್ರು. ನಾ ಬಾಗಲಾಗ ನಿಂತಿದ್ದೆ, ನನ್ನ ಕೇಳಲಿಲ್ಲ. ಇಲ್ಲಿ ಮಾಸ್ತರು ಕೇಳಿದ್ರು. ಅದನ್ನೂ ನೀವು ತಗದ್ರಿ.”

ಅವಳೇ ಮುಂದುವರಿಸಿದಳು. “ಗಂಡನ ಕೆಲಸದ್ದು ಬ್ಯಾಡ, ಅದನ್ನ ನಾವು ಬರಸಿಲ್ಲ. ಹೆಸರು ಮಾತ್ರ ಮತ್ತ ಹಾಕಿಸ್ರಿ.”

ಅವಳು ಕೂತಿರುವಾಗಲೇ ಬರೆದೆ. ಮೊದಲ ಸಲ ಅವಳಿಗೆ ಒಂದೊಂದೇ ಸಾಲು ಓದಿ ಹೇಳಿ, ಸರಿಯಾ ಎಂದು ಕೇಳಿ ಬರೆದೆ. ಅವಳು ತಲೆ ಅಲ್ಲಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ಬುಧವಾರ ಉತ್ತರ ಬಂತು. ಪಟ್ಟಿಯನ್ನು ಮುದ್ರಿಸಿ, ಅವರ ಸಂಸತ್ತಿನ ಸಮಿತಿಗೆ ಹಿಂದಿನ ವಾರವೇ ಕೊಟ್ಟಾಗಿದೆ. ನಲವತ್ತೆರಡು ಖಾಲಿಯೇ ಹೋಗಿದೆ. ಈಗ ಸೇರಿಸಲು ಬರುವುದಿಲ್ಲ, ಬಹಳ ವಿಷಾದವಿದೆ.

ಇದನ್ನು ಅವಳಿಗೆ ಹೇಳಲು ನನಗೆ ಧೈರ್ಯ ಬರಲು ಒಂದು ತಿಂಗಳು ಹಿಡಿಯಿತು. ಕೊನೆಗೆ ದೊಡ್ಡಮ್ಮನ ಮನೆಗೆ ಹೋದರೆ, ಗಂಡ ಹೆಂಡತಿ ಊರು ಬಿಟ್ಟು ಹತ್ತು ದಿನವಾಯಿತು ಎಂದಳು ಅವಳು. ಯಾರೂ ಓಡಿಸಿದ್ದಲ್ಲ. ಮಳೆಗೆ ಮಣ್ಣಿನ ಕೆಲಸ ನಿಂತಿತ್ತು. ಕಾರ್ಕಳದ ಹತ್ತಿರ ಕಲ್ಲುಕೋರೆಯಲ್ಲಿ ಕೆಲಸ ಸಿಕ್ಕಿ ಹೋಗಿದ್ದರು. ಮೂರನೇ ಕ್ಯಾಬಿನಿನವನು ಕೊನೆಯವರೆಗೂ ಆ ಪಟ್ಟಿಯನ್ನು ಹುಡುಕಲಿಲ್ಲ. ಅವನಿಗೆ ಬೇಕಾದದ್ದು ಕ್ರಿಕೆಟ್ ಸ್ಕೋರು ಮಾತ್ರ.

ಒಂದು ಶನಿವಾರ ರಜೆ ಹಾಕಿ ಕಾರ್ಕಳದ ಬಸ್ಸು ಹತ್ತಿದೆ. ಹೇಳಲೇಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡೆ, ನೀವು ಎಂದೇ ಜೋಡಿಸಿಕೊಂಡೆ. ಮೂರು ಕೋರೆ ತಿರುಗಿದೆ. ಮೂರನೆಯದರಲ್ಲಿ ಬಾಗಲಕೋಟೆ ಕಡೆಯವರು ಬಹಳ ಮಂದಿ ಇದ್ದಾರೆ ಎಂದು ಗೊತ್ತಾಗಿ, ಅಲ್ಲಿ ಲೆಕ್ಕ ಬರೆಯುವ ರೈಟರ್ ಹತ್ತಿರ ಅವಳ ಹೆಸರು ಹೇಳಿದೆ. ಅವನು ಹಾಜರಿ ಪುಸ್ತಕ ತೆರೆದು ಎರಡು ಪುಟ ಮಗುಚಿದ.

“ಹೆಂಗಸರ ಹೆಸರು ಇದರಲ್ಲಿ ಇಲ್ಲ. ಗಂಡನ ಹೆಸರು ಎಂತ, ಹೇಳಿ” ಎಂದ.

ಗಂಡನ ಹೆಸರು ನನಗೆ ಗೊತ್ತಿರಲಿಲ್ಲ. ಅವನು ಎಲ್ಲಿ ದುಡಿಯುತ್ತಾನೆ ಎಂದು ಇಡೀ ಯುರೋಪಿಗೆ ಬರೆದು ಕಳಿಸಿದವಳು, ಅವನ ಹೆಸರೇನೆಂದು ಒಂದು ದಿನವೂ ಅವಳನ್ನು ಕೇಳಿರಲಿಲ್ಲ. ರೈಟರ್ ಪುಸ್ತಕ ಮುಚ್ಚಿದ. ನಾನು ಬಸ್ ಸ್ಟಾಂಡಿನ ಕಡೆಗೆ ನಡೆದೆ.