ತೋಟೆ ತುಂಬುತ್ತಿದ್ದ ಮಣೆ

ನಮ್ಮ ಮನೆಯವರಿಗೆ ಎಲೆ-ಅಡಿಕೆಯ ಚಟವಿರಲಿಲ್ಲ, ಇಸ್ಪೀಟನ್ನು ಕೈಯಲ್ಲಿ ಮುಟ್ಟಿದವರಲ್ಲ. ಅದಕ್ಕಾಗಿ ನಾನು ದಿನಾ ಲಿಂಗಪೂಜೆ ಮುಗಿಸಿ ಏಳುವಾಗ ಶಿವನಿಗೆ ಇನ್ನೊಂದು ಸಲ ಕೈ ಮುಗಿಯುತ್ತಿದ್ದೆ. ಅವರಿಗೆ ಇದ್ದದ್ದು ಒಂದೇ ಹುಚ್ಚು. ರಿವಾಲ್ವರಿನ ತೋಟೆಗಳನ್ನು ಮನೆಯಲ್ಲೇ ಕೂತು ತುಂಬುವುದು.

ನಾನು ಸೊರಬದ ಕಡೆಯ ಹುಡುಗಿ. ಶಿಕಾರಿಪುರಕ್ಕೆ ಸೊಸೆಯಾಗಿ ಬಂದಾಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ತವರಿನಲ್ಲಿ ಗದ್ದೆಗೆ ಬರುವ ಹಂದಿ ಹೆದರಿಸಲು ಒಂದು ಉದ್ದದ ಕೋವಿ ಇತ್ತು, ಹಾಗಾಗಿ ಮದ್ದಿನ ವಾಸನೆ ನನಗೆ ಹೊಸದಲ್ಲ. ಆದರೆ ಒಂದು ಕೈಯಲ್ಲಿ ಹಿಡಿದು ಹೊಡೆಯುವ ಈ ಸಣ್ಣ ವಸ್ತುವನ್ನು ಕಂಡರೆ ನನಗೆ ಭಯ. ಅದು ಮಾವನವರ ಕಾಲದ್ದು. ಅವರು ಪಟೇಲರಾಗಿದ್ದರು. ಅವರು ತೀರಿಕೊಂಡ ಮೇಲೆ ಲೈಸೆನ್ಸು ಮಗನ ಹೆಸರಿಗೆ ಬಂತು. ಜೊತೆಗೆ ಒಂದು ಮರದ ಪೆಟ್ಟಿಗೆಯೂ ಬಂತು. ಕಾಫಿ ತೋಟ ಮಾರಿ ತನ್ನ ದೇಶಕ್ಕೆ ಹೊರಟ ಯಾರೋ ಒಬ್ಬ ಇಂಗ್ಲಿಷ್ ದೊರೆ ಮಾವನವರಿಗೆ ಕೊಟ್ಟು ಹೋದದ್ದಂತೆ. ಅದರೊಳಗೆ ಗುಂಡು ಎರಕ ಹೊಯ್ಯುವ ಅಚ್ಚು, ಒಂದು ದಪ್ಪ ಇಕ್ಕಳ, ಮದ್ದು ಅಳೆಯುವ ಪುಟ್ಟ ಚಮಚ ಇದ್ದವು.

ಹೊಡೆದಾದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟೆಯನ್ನು ಅವರು ಎಸೆಯುತ್ತಿರಲಿಲ್ಲ. ಹುಣಸೆಹಣ್ಣು ಹಚ್ಚಿ ತೊಳೆದು ಒಣಗಿಸುತ್ತಿದ್ದರು. ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು, ಒಳಗೆ ಒಂದು ಚಮಚ ಮದ್ದು, ಬಾಯಿಗೆ ಸೀಸದ ಗುಂಡು. ಮುಗಿಯಿತು. ಸೀಸ ಕರಗಿಸಲು ಮೊದಲ ಸಲ ನನ್ನ ಒಗ್ಗರಣೆ ಸೌಟನ್ನೇ ಎತ್ತಿಕೊಂಡು ಹೋದರು.

"ಹೊಸ ಸೌಟು ತಂದುಕೊಡ್ತೀನಿ ಬಿಡು" ಎಂದರು.

"ಗುಂಡಿನ ಒಗ್ಗರಣೆ ನಿಮಗೇ ಇರ್ಲಿ. ನನ್ನ ಒಲೆಗೆ ಮಾತ್ರ ತರಬೇಡ್ರೀ" ಎಂದೆ.

ಆಮೇಲೆ ಆ ಕೆಲಸಕ್ಕೆ ಹಿತ್ತಿಲಿನಲ್ಲಿ ಮೂರು ಕಲ್ಲು ಹೂಡಿಕೊಂಡರು. ಅಷ್ಟಾದರೂ ನನ್ನ ಮಾತು ನಡೆಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮದ್ದು ತುಂಬುವ ಕೆಲಸ ಮಾತ್ರ ನಡುಮನೆಯಲ್ಲಿ, ಪಡುವಣದ ಕಿಟಕಿಯ ಕಡೆಗೆ ಮುಖ ಮಾಡಿ. ಹತ್ತಿರ ದೀಪ ಇಡುವಂತಿಲ್ಲ, ಕಿಟಕಿಯಿಂದ ಬಂದಷ್ಟೇ ಬೆಳಕು. ಅವರ ಮುಂದೆ ಹಲಸಿನ ಅಗಲವಾದ ಒಂದು ಮಣೆ. ಮಣೆಯ ನಡುವೆ ವಿಭೂತಿಯಿಂದ ಒಂದು ಗೆರೆ ಎಳೆಯುತ್ತಿದ್ದರು. ಎಡಗಡೆ ಮದ್ದು ಬೀಳದ ತೋಟೆ, ಬಲಗಡೆ ಮದ್ದು ಬಿದ್ದದ್ದು. ಒಂದೊಂದನ್ನೇ ಎಡದಿಂದ ಎತ್ತಿ, ಚಮಚ ಸುರಿದು, ಗೆರೆ ದಾಟಿಸಿ ಬಲಕ್ಕೆ ಇಡುತ್ತಿದ್ದರು. ಎಲ್ಲಕ್ಕೂ ಮದ್ದು ಬಿದ್ದ ಮೇಲೆಯೇ ಬಾಯಿಗೆ ಗುಂಡು ಕೂರಿಸುವುದು.

"ಯಾಕೆ ಇಷ್ಟು ಮಡಿ?" ಎಂದು ಒಮ್ಮೆ ಕೇಳಿದ್ದೆ.

"ಒಂದರಾಗೆ ಎರಡು ಚಮಚ ಬಿತ್ತು ಅಂದ್ರೆ ಅದು ತೋಟೆ ಅಲ್ಲ, ಬಾಂಬು. ರಿವಾಲ್ವರ್ ಕೈಯಾಗೇ ಒಡೀತೈತಿ. ಬೆರಳು ಹೋಗ್ತಾವು, ಕಣ್ಣೂ ಹೋಗಬಹುದು. ನಾನು ಇಲ್ಲಿ ಕುಂತಾಗ ಮಾತಾಡಿಸಬ್ಯಾಡ."

ಆ ಮೇಲೆ ಅವರು ಮಣೆ ಮುಂದೆ ಕೂತರೆ ನಾನು ಅಡಿಗೆಮನೆಯಲ್ಲಿ ಪಾತ್ರೆಯನ್ನೂ ಮೆಲ್ಲಗೆ ಇಡುತ್ತಿದ್ದೆ.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ. ಪೂಜೆಗೆ ಇಡಲೆಂದು ಹನ್ನೆರಡು ತೋಟೆ ತುಂಬಲು ಕೂತಿದ್ದರು. ಆರಕ್ಕೆ ಮದ್ದು ಬಿದ್ದಿತ್ತು, ಆರು ಉಳಿದಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಜಂಗಮರೊಬ್ಬರು ಬಂದು ನಿಂತರು. ನಮ್ಮ ಮನೆಗೆ ವರ್ಷಕ್ಕೊಮ್ಮೆ ಪಾದ ಬೆಳೆಸುವ ಅಯ್ಯನವರು. ಹೇಳದೆ ಕೇಳದೆ ಬಂದರೂ ಅವರನ್ನು ಕಾಯಿಸುವ ಪದ್ಧತಿ ನಮ್ಮಲ್ಲಿಲ್ಲ.

ಅತ್ತೆ ಗಡಬಡಿಸಿದರು. "ಏಳೋ, ಏಳು! ನೀರು ಸೇದಿ ಮೈ ತೊಳಕಂಡು ಬಾ, ಪಾದಪೂಜೆ ಮಾಡಬೇಕು. ಏ ಹುಡುಗಿ, ಅಯ್ಯನೋರಿಗೆ ಮಣೆ ಹಾಕು!"

ಇವರು ಮದ್ದಿನ ಡಬ್ಬಿಯ ಮುಚ್ಚಳ ಬಿಗಿದು ಬಾವಿಗೆ ಓಡಿದರು. ಮನೆಯಲ್ಲಿ ದೊಡ್ಡವರನ್ನು ಕೂರಿಸುವಂಥ ಮಣೆ ಅದೊಂದೇ. ಅಯ್ಯನವರನ್ನು ಬರೀ ನೆಲದ ಮೇಲೆ ಕೂರಿಸಲಾದೀತೇ? ನಾನು ತೋಟೆಗಳನ್ನು ಉಸಿರು ಬಿಗಿ ಹಿಡಿದು ಒಂದೊಂದಾಗಿ ಎತ್ತಿ, ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ, ಗೋಡೆಯ ಗೂಡಿನಲ್ಲಿ ಇಟ್ಟೆ. ಮಣೆ ಒರೆಸಿ, ಅಯ್ಯನವರ ಮುಖ ಮೂಡಣಕ್ಕೆ ಬರುವ ಹಾಗೆ ಹಾಕಿದೆ. ಪಾದಪೂಜೆ ಆಯಿತು, ಊಟವಾಯಿತು. ಅಯ್ಯನವರು ಹರಸಿ ಎದ್ದರು.

ಆಮೇಲೆ ಮಣೆಯನ್ನು ಮೊದಲಿನ ಜಾಗಕ್ಕೆ ಎಳೆದು, ಗೆರೆ ಎಳೆದು, ತೋಟೆಗಳನ್ನು ಜೋಡಿಸಿದೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಇವರು ಬಂದು ಕೂತು ಉಳಿದದ್ದನ್ನು ಮುಗಿಸಿದರು. ಪಾದಪೂಜೆಯ ಗಡಿಬಿಡಿಯಲ್ಲಿ ಅಯ್ಯನವರು ಕೂತದ್ದು ಯಾವ ಮಣೆ ಎಂದು ಅವರು ಗಮನಿಸಿರಲಿಲ್ಲ, ಹಾಗಾಗಿ ನಾನು ತೋಟೆ ಮುಟ್ಟಿದ್ದು ಅವರಿಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ. ಬೈಸಿಕೊಳ್ಳದೆ ಕೆಲಸ ಸಾಗಿತು ಎಂದು ಖುಷಿಪಟ್ಟೆ. ಮರುದಿನ ಆ ಹನ್ನೆರಡನ್ನೂ ತಟ್ಟೆಯಲ್ಲಿಟ್ಟು, ರಿವಾಲ್ವರಿನ ಜೊತೆಗೆ ವಿಭೂತಿ ಹಚ್ಚಿ, ಹೂವೇರಿಸಿ ನಮಸ್ಕಾರ ಮಾಡಿದೆ.

ದಶಮಿಯ ದಿನ ಊರ ಗಂಡಸರೆಲ್ಲ ಬನ್ನಿಮರಕ್ಕೆ ಹೋಗುತ್ತಾರೆ. ಡೊಳ್ಳು ಬಡಿಯುತ್ತ ಪೂಜೆ ನಡೆಯುತ್ತದೆ. ಡೊಳ್ಳು ನಿಂತ ಮೇಲೆ ಪಟೇಲರ ಮನೆಯವರು ಆಕಾಶಕ್ಕೆ ಮೂರು ಗುಂಡು ಹಾರಿಸಬೇಕು. ಅದಾದ ಮೇಲೆಯೇ ಜನ ಬನ್ನಿ ಎಲೆಗೆ ಕೈ ಹಾಕುವುದು. ಇವರು ತಟ್ಟೆಯಿಂದ ಆರು ತೋಟೆ ಆರಿಸಿ ರಿವಾಲ್ವರಿಗೆ ಹಾಕಿಕೊಂಡು, ಜರಿ ಪೇಟ ಸುತ್ತಿಕೊಂಡು ಹೊರಟರು.

ಅವರು ಹೋಗಿ ಸ್ವಲ್ಪ ಹೊತ್ತಾಗಿತ್ತು. ಬನ್ನಿ ಕೊಡಲು ಬರುವ ಹಿರಿಯರಿಗೆ ಕೂರಲು ಅಣಿ ಮಾಡುತ್ತಿದ್ದೆವು. ನಾನು ಮಣೆ ಹಾಕಿದ್ದೇ ತಡ, ಅತ್ತೆ ರೇಗಿದರು.

"ಬಾಗಿಲಿಗೆ ಬೆನ್ನು ಮಾಡಿ ಕುಂದರಿಸ್ತೀಯೇನು ದೊಡ್ಡೋರನ್ನ? ತಿರುಗಿಸಿ ಹಾಕು. ನಿನಗೆ ನೀನು ನಿಂತ ಕಡೆಯಿಂದನೇ ಎಲ್ಲ ಕಾಣ್ತೈತಿ."

ನಾನು ಮಣೆ ತಿರುಗಿಸಲು ಬಗ್ಗಿದವಳು ಹಾಗೇ ನಿಂತೆ. ನಾನು ನಿಂತ ಕಡೆ. ಮೊನ್ನೆ ತೋಟೆ ಎತ್ತುವಾಗ ಅವರು ಕೂರುವ ಜಾಗದಲ್ಲೇ ನಿಂತು ಎತ್ತಿದ್ದೆ. ತಿರುಗಿ ಇಡುವಾಗ? ಕಿಟಕಿಗೆ ಬೆನ್ನು ಮಾಡಿ, ಅವರು ಕೂರುವ ಜಾಗಕ್ಕೆ ಎದುರಾಗಿ ಬಗ್ಗಿ ಇಟ್ಟಿದ್ದೆ. ನನ್ನ ಎಡ ಅವರ ಬಲ. ಅಂದರೆ ಮದ್ದು ಬಿದ್ದ ಆರೂ ಅವರ ಎಡಕ್ಕೆ ಹೋಗಿದ್ದವು. ಆ ಆರಕ್ಕೇ ಅವರು ಇನ್ನೊಂದೊಂದು ಚಮಚ ಸುರಿದಿದ್ದರು. ಉಳಿದ ಆರು ಬರೀ ಖಾಲಿ. ಆರು ಇದ್ದ ಕಡೆ ಆರೇ ಕಂಡದ್ದರಿಂದ ಅವರಿಗೆ ಅನುಮಾನ ಬರಲಿಲ್ಲ.

ಮಣೆ ಅಲ್ಲೇ ಬಿಟ್ಟೆ. ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬಯ್ಯಲಿಲ್ಲ. ಅವರ ಮುಖ ಸುಣ್ಣವಾಯಿತು.

"ಯಾರನ್ನಾರ ಕಳಿಸೋಣ ಅಂದ್ರೆ ಕೇರಿಯಾಗೆ ಒಬ್ಬ ಗಂಡಸಿಲ್ಲ."

"ನಾನೇ ಹೋಗ್ಲಾ ಅತ್ತೆ? ಹೆಂಗಸರು ಅಲ್ಲಿಗೆ..."

"ಸೆರಗು ಸೊಂಟಕ್ಕೆ ಸಿಗಿಸಿ ಓಡು! ಮರ್ಯಾದಿ ನಾ ನೋಡ್ಕಂತೀನಿ."

ಓಡಿದೆ. ಮದುವೆಯಾಗಿ ಬಂದ ಮೇಲೆ ಆ ಬೀದಿಯಲ್ಲಿ ತಲೆಯ ಮೇಲೆ ಸೆರಗಿಲ್ಲದೆ ನಡೆದವಳೂ ಅಲ್ಲ ನಾನು. ಕಟ್ಟೆಯ ಮೇಲೆ ಕೂತ ಮುದುಕಿಯರು ಏನೋ ಕೂಗಿದರು, ಕೇಳಿಸಿಕೊಳ್ಳಲಿಲ್ಲ. ಕಿವಿಯೆಲ್ಲ ಡೊಳ್ಳಿನ ಮೇಲಿತ್ತು. ದೂರದಲ್ಲಿ ಡೊಳ್ಳು ಬಡಿಯುತ್ತಿತ್ತು. ಬಡಿಯುವವರೆಗೆ ನನ್ನ ಗಂಡನ ಕೈ ಕ್ಷೇಮ. ಶಿವನೇ, ಬಡಿಯುವವರ ತೋಳಿಗೆ ಇನ್ನಷ್ಟು ಕಸುವು ಕೊಡು ಎನ್ನುತ್ತ ಓಡಿದೆ. ಕೆರೆ ಏರಿ ಹತ್ತಿದೆ. ಕಾಲಿಗೆ ಮುಳ್ಳು ಹೊಕ್ಕಿತು. ಏರಿ ಇಳಿದರೆ ಬನ್ನಿಮರ, ಮರದ ಸುತ್ತ ಬಿಳಿ ಪೇಟಗಳ ಗುಂಪು.

ನಾನು ಏರಿಯ ಇಳಿಜಾರಿನಲ್ಲಿದ್ದಾಗ ಡೊಳ್ಳು ನಿಂತಿತು.

"ರೀ!" ಎಂದು ಕಿರುಚಿದೆ. "ರೀ, ಹೊಡೀಬೇಡ್ರೀ!"

ಹತ್ತಿಪ್ಪತ್ತು ಗಂಡಸರು ತಿರುಗಿ ನೋಡಿದರು. ಎಲ್ಲರ ಮನೆಯಲ್ಲೂ ಅವರನ್ನು ಕರೆಯುವುದು ಹಾಗೆಯೇ ತಾನೇ. ತಿರುಗದವರು ನನ್ನವರೊಬ್ಬರೇ. ಮರದ ಬುಡದಲ್ಲಿ, ಕತ್ತೆತ್ತಿ ಆಕಾಶ ನೋಡುತ್ತಿದ್ದರು. ಬಲಗೈ ಮೇಲೇರುತ್ತಿತ್ತು.

ಆಗ ನಾನು ಅವರ ಹೆಸರು ಹಿಡಿದು ಕೂಗಿದೆ. ಗಂಡನ ಹೆಸರು ನನ್ನ ಬಾಯಿಂದ ಹೊರಬಿದ್ದದ್ದು ಅದೊಂದೇ ಸಲ. ಇಲ್ಲಿಯೂ ಅದನ್ನು ಬರೆಯಲು ಕೈ ಬರುವುದಿಲ್ಲ.

ಕೈ ಮೇಲೇ ನಿಂತಿತು. ಅವರು ನಿಧಾನವಾಗಿ ತಿರುಗಿದರು. ಕೋಪ, ನಾಚಿಕೆ, ಗಾಬರಿ ಎಲ್ಲ ಆ ಮುಖದಲ್ಲಿತ್ತು. ಗುಂಪು ಇಬ್ಬಾಗವಾಗಿ ನನಗೆ ದಾರಿ ಬಿಟ್ಟಿತು. ಏದುಸಿರಿನಲ್ಲೇ ಹೇಳಿದೆ. "ಮೊನ್ನೆ ಅಯ್ಯನವರಿಗೆ ಮಣೆ ಬೇಕಿತ್ತು. ತೋಟೆ ನಾನು ಎತ್ತಿಟ್ಟೆ. ತಿರುಗಿ ಇಡುವಾಗ ಎಡ-ಬಲ ಅದಲು ಬದಲಾಗಿದೆ. ಆರಕ್ಕೆ ಎರಡೆರಡು ಚಮಚ ಬಿದ್ದಿದೆ."

ಅವರು ನಳಿಗೆಯನ್ನು ನೆಲಕ್ಕೆ ಮಾಡಿ, ತೋಟೆಗಳನ್ನು ಒಂದೊಂದಾಗಿ ತೆಗೆದು ಪೇಟದ ತುದಿಯಲ್ಲಿ ಗಂಟು ಹಾಕಿದರು. ಊರಿನ ಹಿರಿಯರೊಬ್ಬರು ಕೆಮ್ಮಿ, "ಗುಂಡಿಲ್ಲದಿದ್ರೆ ಬನ್ನಿ ಬ್ಯಾಡ ಅಂತೈತೇನು? ಡೊಳ್ಳು ಬಡೀರಲೇ!" ಎಂದರು. ಹಿಂದಿನಿಂದ ಯಾರೋ, "ಪಟೇಲರ ಮನಿಯಾಗೆ ಈಗ ಗುಂಡಿಗಿಂತ ಹೆಂಡ್ತಿ ಜೋರು" ಎಂದ. ನಗು ಎದ್ದಿತು. ನಾನು ಸೆರಗು ತಲೆಗೆಳೆದುಕೊಂಡು ಏರಿ ಹತ್ತಿದೆ.

ದಾರಿಯುದ್ದಕ್ಕೂ ಬೇರೊಂದು ಹೆದರಿಕೆ ಹತ್ತಿತು. ಒಂದು ವೇಳೆ ನನ್ನ ಲೆಕ್ಕವೇ ತಪ್ಪಿದ್ದರೆ? ತೋಟೆಗಳೆಲ್ಲ ಸರಿಯಾಗಿಯೇ ಇದ್ದರೆ? ಊರ ಮುಂದೆ ಅವರ ಮಾನ ಕಳೆದ ಹೆಂಗಸು ನಾನಾಗುತ್ತಿದ್ದೆ. ಶಿವನ ಹತ್ತಿರ ಏನು ಬೇಡಿಕೊಳ್ಳಬೇಕೋ ತಿಳಿಯಲಿಲ್ಲ. ತೋಟೆ ಕೆಟ್ಟಿರಲಿ ಎನ್ನಲೋ, ಇರದಿರಲಿ ಎನ್ನಲೋ.

ಅವರು ಬಂದವರೇ ಪೇಟ ತೆಗೆಯದೆ ಕಿಟಕಿ ಹತ್ತಿರ ಕೂತರು. ಇಕ್ಕಳದಲ್ಲಿ ಮೊದಲ ತೋಟೆಯ ಗುಂಡು ಕಿತ್ತು ಕಾಗದದ ಮೇಲೆ ಬೋರಲು ಹಾಕಿದರು. ಏನೂ ಬೀಳಲಿಲ್ಲ. ಖಾಲಿ. ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು. ಎರಡನೆಯದನ್ನು ಹಾಕಿದರು. ಮದ್ದು ಸುರಿಯಿತು. ಚಮಚದಲ್ಲಿ ಅಳೆದರು. ಒಂದು. ಕಾಗದದ ಮೇಲೆ ಇನ್ನೂ ಅಷ್ಟೇ ಉಳಿದಿತ್ತು. ಮತ್ತೆ ಅಳೆದರು. ಎರಡು.

ರಿವಾಲ್ವರಿನಲ್ಲಿದ್ದ ಆರರಲ್ಲಿ ನಾಲ್ಕು ಹಾಗಿದ್ದವು.

ಅವರು ಕಾಗದ ಮಡಚಿ ಮದ್ದನ್ನು ಡಬ್ಬಿಗೆ ಸುರಿದರು. ಆಮೇಲೆ, "ಗುಂಡು ಕೂರಿಸೋ ಮುಂಚೆ ನಾನು ಒಳಗೆ ಬಗ್ಗಿ ನೋಡಬೇಕಿತ್ತು. ಗೆರೆ ನಂಬಿಕೊಂಡು ಕುಂತೆ" ಎಂದರು. ನಾನು ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವರು ಕೈಯಲ್ಲೇ ಬೇಡವೆಂದರು.

ದೀಪ ಹಚ್ಚುವ ಹೊತ್ತಿಗೆ ಬನ್ನಿ ಕೊಡುವವರು ಬರತೊಡಗಿದರು. ಅತ್ತೆ ನನ್ನನ್ನು ಅಡಿಗೆಮನೆಯಲ್ಲಿ ಅಡಗಲು ಬಿಡದೆ ಹೊರಗೇ ನಿಲ್ಲಿಸಿದರು. ಬಂದವರಲ್ಲಿ ಒಬ್ಬ, ದೂರದ ಸಂಬಂಧದಲ್ಲಿ ಇವರಿಗೆ ಮಾವನಾಗಬೇಕು, ಚಾಪೆಯ ಮೇಲೆ ಕೂತವನೇ ಶುರು ಮಾಡಿದ.

"ಏನೋ ಅಳಿಯ, ಹೆಂಡ್ತಿ ಹೆಸರು ಹಿಡಿದು ಕರದ್ಲಂತಲ್ಲೋ! ನಾಳೆ ಹೋಗೋ ಬಾರೋ ಅಂತಾಳೆ ನೋಡು."

ನಾನು ನೆಲ ನೋಡಿದೆ. ಇವರು ತಟ್ಟೆಯಿಂದ ಬನ್ನಿ ಎಲೆ ತೆಗೆದು ಅವನ ಮುಂದೆ ಹಿಡಿದರು.

"ತಗೋ ಮಾವ, ಬಲಗೈಲೆ ಕೊಡಾಕತ್ತೀನಿ. ಅಕಿ ಕರೀದಿದ್ರೆ ಇವತ್ತು ಎಡಗೈಲೆ ಕೊಡಬೇಕಿತ್ತು. ಅದೂ ಬದುಕಿ ಉಳಿದಿದ್ರೆ."

ಮಾವ ಎಲೆ ತೆಗೆದುಕೊಂಡ. ಚಾಪೆಯ ಮೇಲಿದ್ದ ಯಾರೂ ನಗಲಿಲ್ಲ. ಆಮೇಲೆ ಇವರು ಎದ್ದು ಬಂದು, ಅಷ್ಟು ಜನರ ಎದುರಿಗೆ, ನನ್ನ ಕೈಗೂ ಬನ್ನಿ ಇಟ್ಟರು. ನಾನು ಅವರ ಪಾದ ಮುಟ್ಟಿ ಏಳುವಾಗ ಹಿಮ್ಮಡಿಯ ಮುಳ್ಳು ಚುಚ್ಚಿತು. ಅಲ್ಲಿಯವರೆಗೆ ಅದು ನನ್ನ ಕಾಲಲ್ಲಿದ್ದದ್ದೇ ನೆನಪಿರಲಿಲ್ಲ.